ಬೆರಳಿಗೆ ಟೋಪಿ ಅಂದರೆ ಅಂಗುಸ್ತಾನ?

ಕೋಥ್ರೂಡ್ ಕನ್ನಡತಿ:
ಪುಣೆಯಲ್ಲಿ ಜರ್ಮನ್ ಕಲಿಯುತ್ತಿದ್ದೇನೆ. ನಿನ್ನೆ ಕ್ಲಾಸಿನಲ್ಲಿ 'ಫಿಂಗರ್‌ಹೂಟ್' ಅನ್ನುವ ಪದ ಬಂತು. ಫಿಂಗರ್ ಬೆರಳು, ಹೂಟ್ ಟೋಪಿ. ಹೊಲಿಯುವಾಗ ಸೂಜಿ ಚುಚ್ಚದಿರಲಿ ಅಂತ ಹಾಕಿಕೊಳ್ಳುತ್ತೇವಲ್ಲ, ಅದು. ಅಮ್ಮ ಕೌದಿ ಹೊಲಿಯುವಾಗ ನಡುಬೆರಳಿಗೆ ಹಿತ್ತಾಳೆಯದೊಂದು ಹಾಕುತ್ತಾರೆ, ಮೈತುಂಬ ಸಣ್ಣ ಸಣ್ಣ ಗುಳಿ ಇರುತ್ತದೆ, ಸೂಜಿಯ ಹಿಂಬದಿ ಜಾರಬಾರದು ಅಂತ. ನಮ್ಮ ಮನೆಯಲ್ಲಿ ಅದು ಅಂಗುಸ್ತಾನ. ಅಂಗುಲ, ಸ್ಥಾನ ಸೇರಿ ಆದ ಪದವಾ ಇದು? ಜರ್ಮನ್ನರ ಟೋಪಿ ಬರೀ ಆಕಾರ ನೋಡಿ ಇಟ್ಟದ್ದಾ?

ಪದಪ್ರಿಯ:
ಸ್ಥಾನಕ್ಕೂ ಇದಕ್ಕೂ ಸಂಬಂಧ ಇಲ್ಲ. ಪಾರ್ಸಿಯಲ್ಲಿ 'ಅಂಗುಶ್ತ್' ಅಂದರೆ ಬೆರಳು, ಅದರಿಂದ 'ಅಂಗುಶ್ತಾನ', ಬೆರಳಿನದು ಅಂತ. ನಮ್ಮ ಅಂಗುಷ್ಠ ಅದರ ದೂರದ ನೆಂಟ, ಆದರೆ ಸಂಸ್ಕೃತದಲ್ಲಿ ಅದು ಹೆಬ್ಬೆರಳು. ಮರಾಠಿಯಲ್ಲೂ ಇದೇ ಪದ, ರವಿವಾರ ಪೇಠೆಯ ಅಂಗಡಿಯಲ್ಲಿ ಅಂಗುಸ್ತಾನ ಅಂತಲೇ ಕೇಳಿ ನೋಡಿ. ಇಂಗ್ಲಿಷಿನವರ ಥಿಂಬಲ್ ಹುಟ್ಟಿದ್ದು ಹೆಬ್ಬೆರಳಿನ ಹೆಸರಿನಿಂದ, ಥಂಬ್‌ನಿಂದ. ಟೋಪಿ ತೊಡಿಸಿದವರು ಜರ್ಮನ್ನರು.

ಜರ್ಮನ್ ಮೇಷ್ಟ್ರು:
ಆ ಟೋಪಿ ಬರೀ ಆಕಾರದ ಮಾತಲ್ಲ. ಹೂಟ್‌ನ ಬೇರಿನಲ್ಲೇ ಮುಚ್ಚುವುದು, ಕಾಯುವುದು ಅನ್ನುವ ಅರ್ಥ ಇದೆ. ಇಂಗ್ಲಿಷಿನ ಹುಡ್ ಇದೇ ಮನೆತನದ್ದು. ಪುಲ್ಲಿಂಗದ 'ಡೆರ್' ಸೇರಿಸಿ 'ಡೆರ್ ಹೂಟ್' ಅಂದರೆ ಟೋಪಿ, ಸ್ತ್ರೀಲಿಂಗದ 'ಡೀ' ಸೇರಿಸಿ 'ಡೀ ಹೂಟ್' ಅಂದರೆ ಕಾವಲು, ಕುರಿ ಕಾಯುವುದಕ್ಕೆ 'ಹ್ಯೂಟೆನ್'. ಹಾಗಾಗಿ ನಿಮ್ಮ ಅಮ್ಮನ ಬೆರಳಿನ ಮೇಲೆ ಟೋಪಿಯೂ ಇದೆ, ಕಾವಲೂ ಇದೆ! ಇನ್ನೊಂದು ಮಾತು, ಜೋಡುಪದದಲ್ಲಿ ಕೊನೆಯದೇ ಯಜಮಾನ, ಲಿಂಗವನ್ನೂ ಅದೇ ಕೊಡುತ್ತದೆ, ಅದಕ್ಕೇ ಡೆರ್ ಫಿಂಗರ್‌ಹೂಟ್. ನಮ್ಮ ಕಾಲುಂಗುರವೂ ಉಂಗುರವೇ ತಾನೆ, ಕಾಲಲ್ಲವಲ್ಲ.

ಔಷಧಿ ಅಂಗಡಿಯವ:
ಈ ಪದ ನಮ್ಮ ಕೆಲಸಕ್ಕೂ ಬಂದಿದೆ. ಫಿಂಗರ್‌ಹೂಟ್ ಅನ್ನುವ ಹೆಸರಿನ ಗಿಡವೂ ಇದೆ, ಹೂವು ಥೇಟ್ ಅಂಗುಸ್ತಾನದ ಹಾಗೆ. 1542ರಲ್ಲಿ ಜರ್ಮನ್ ವೈದ್ಯ, ಸಸ್ಯಶಾಸ್ತ್ರಜ್ಞ ಲಿಯೊನ್‌ಹಾರ್ಟ್ ಫುಕ್ಸ್ ಈ ಜರ್ಮನ್ ಹೆಸರನ್ನೇ ಲ್ಯಾಟಿನ್‌ಗೆ ತಿರುಗಿಸಿ ಡಿಜಿಟಾಲಿಸ್ ಅಂದರು, ಡಿಜಿಟಸ್ ಅಂದರೆ ಬೆರಳು. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಆ ಜಾತಿಯ ಗಿಡದಿಂದಲೇ ಬರುತ್ತದೆ. ಗಿಡ ಮಾತ್ರ ವಿಷ, ಯಾರೂ ಬಾಯಿಗೆ ಹಾಕಬೇಡಿ.

ಕೋಥ್ರೂಡ್ ಕನ್ನಡತಿ:
ಅಯ್ಯೋ, ನಮ್ಮ ಅಜ್ಜಿ ದಿನಾ ಡಿಗಾಕ್ಸಿನ್ ತಗೊಳ್ಳುತ್ತಿದ್ದರು. ಕೌದಿ ಹೊಲಿಯುವುದನ್ನು ಅಮ್ಮನಿಗೆ ಕಲಿಸಿದ್ದೂ ಅವರೇ. ಇವತ್ತೇ ಅಮ್ಮನಿಗೆ ಫೋನ್ ಮಾಡಿ ಹೇಳುತ್ತೇನೆ.