ಸಹಾಯ ಬೇಕು: ‘ಸ್ಕಿಟಿಶ್’ಗೆ ಕನ್ನಡದಲ್ಲಿ ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವಳು. ಮಕ್ಕಳ ಕಥೆಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಂದು ‘ಸ್ಕಿಟಿಶ್’ ಕುದುರೆ ಬರುತ್ತದೆ. ಮೂರು ದಿನದಿಂದ ಅಲ್ಲೇ ಸಿಕ್ಕಿಬಿದ್ದಿದ್ದೇನೆ.

ಅರ್ಥ ಗೊತ್ತು. ನಮ್ಮ ಹಟ್ಟಿಯಲ್ಲೇ ಅಂಥದ್ದೊಂದು ಕರು ಇದೆ. ಅಂಗಳದಲ್ಲಿ ಯಾರಾದರೂ ಕೊಡೆ ಬಿಡಿಸಿದರೆ ಸಾಕು, ಕಿವಿ ನೆಟ್ಟಗೆ, ಬಾಲ ಮೇಲೆ, ಒಂದೇ ಜಿಗಿತಕ್ಕೆ ತೆಂಗಿನಕಟ್ಟೆಯ ಆಚೆ. ಎರಡು ನಿಮಿಷಕ್ಕೆ ವಾಪಸ್ ಬಂದು ಅದೇ ಕೊಡೆಯನ್ನು ಮೂಸುತ್ತದೆ! ಬರೀ ಹೆದರಿಕೆ ಅಲ್ಲ, ಮೈತುಂಬ ಚುರುಕೂ ಇದೆ.

‘ಪುಕ್ಕಲು’ ಅಂದರೆ ಹೇಡಿ ಅಂದ ಹಾಗಾಯಿತು. ‘ಗಾಬರಿ’ ಆ ಹೊತ್ತಿನದ್ದು, ಸ್ವಭಾವ ಅಲ್ಲ. ‘ಚಡಪಡಿಕೆ’ ಬಸ್ಸಿಗೆ ಕಾಯುವವರದ್ದು. ಅಮ್ಮನನ್ನು ಕೇಳಿದರೆ ತುಳುವಿನಲ್ಲಿ ‘ಅಂಬೆರ್ಪು’ ಅಂದರು. ಅದು ಅವಸರ ಅಲ್ವಾ? ‘ಬೆದರುವ ಕುದುರೆ’ ಹತ್ತಿರ ಬರುತ್ತದೆ, ಆದರೆ ನನಗೆ ಗದ್ದೆಯ ಬೆದರುಬೊಂಬೆಯೇ ಕಣ್ಣಮುಂದೆ ನಿಲ್ಲುತ್ತದೆ. ಕಿಟೆಲ್ ನಿಘಂಟು 1894ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾದದ್ದು. ಆದರೆ ಅದು ಕನ್ನಡದಿಂದ ಇಂಗ್ಲಿಷಿಗೆ, ನನಗೆ ಬೇಕಾದದ್ದು ಉಲ್ಟಾ.

ಷೇರುಪೇಟೆಯ ಸುದ್ದಿಯಲ್ಲೂ ಇದೇ ಪದ ಬರುತ್ತದೆ, ಹೂಡಿಕೆದಾರರು ‘ಸ್ಕಿಟಿಶ್’ ಅಂತ. ಅಲ್ಲಿ ‘ಅಳುಕು’ ಸಾಕು. ಕುದುರೆಗೆ ಸಾಲದು.

ಕುಂದಾಪುರದ ಕಡೆಯವರೇ, ದನ ಸಾಕುವವರೇ, ಇಂಥ ಕರುವನ್ನು ನಿಮ್ಮ ಮನೆಯಲ್ಲಿ ಏನಂತ ಬಯ್ಯುತ್ತೀರಿ? ಆರು ವರ್ಷದ ಮಗುವಿಗೆ ಅರ್ಥವಾಗುವ ಪದ ಆದರೆ ಸಾಕು.