ಅಪ್‌ಡೇಟ್: ಅಪ್ಪನಿಗೆ ಇರುವುದು ಹೈಡ್ರೋಸಿಲ್ (ವೃಷಣದ ಸುತ್ತ ನೀರು ತುಂಬಿಕೊಳ್ಳುವುದು)

ಮಲ್ಪೆಯಲ್ಲಿ ಮೀನುಗಾರಿಕೆ ಮಾಡುವ ಅಪ್ಪನಿಗೆ ವೃಷಣಚೀಲದ ಒಂದು ಬದಿ ನೋವಿಲ್ಲದೆ ಊದಿಕೊಂಡಿದೆ, ಕ್ಯಾನ್ಸರ್ ಇರಬಹುದೇ ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಅವರನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ಎರಡು ವರ್ಷ ಲುಂಗಿಯ ಮರೆಯಲ್ಲಿ ಮುಚ್ಚಿಟ್ಟಿದ್ದರು, ಅಮ್ಮನಿಗೂ ಹೇಳಿರಲಿಲ್ಲ. ಉಡುಪಿಯ ವೈದ್ಯರು ಕೋಣೆಯ ದೀಪ ಆರಿಸಿ ಟಾರ್ಚ್ ಹಿಡಿದಾಗ ಬಾವು ಕೆಂಪಗೆ ಬೆಳಗಿತು. ಒಳಗಿರುವುದು ನೀರು. ಆದರೂ ನೀರಿನ ಹಿಂದೆ ಗಡ್ಡೆ ಅಡಗಿರಬಹುದೆಂದು ಸ್ಕ್ಯಾನಿಂಗ್ ಮಾಡಿಸಿದರು. ವೃಷಣ ಆರೋಗ್ಯವಾಗಿದೆ. ಆ ಮಾತು ಕೇಳಿ ನನಗೆ ಅಳು ಬಂತು.

ನಮ್ಮ ಕರಾವಳಿಯಲ್ಲಿ ಸೊಳ್ಳೆ ಹರಡುವ ಆನೆಕಾಲು ರೋಗದ ಹುಳುವೂ ಇದಕ್ಕೆ ಕಾರಣವಾಗಬಹುದು. ಅದರ ಮರಿಗಳು ರಾತ್ರಿ ಹೊತ್ತು ರಕ್ತದಲ್ಲಿ ಓಡಾಡುವುದರಿಂದ ರಾತ್ರಿಯೇ ರಕ್ತ ತೆಗೆದರು, ಏನೂ ಸಿಗಲಿಲ್ಲ.

ಸೂಜಿಯಿಂದ ನೀರು ತೆಗೆಸಲು ಕೆಲವರು ಸಲಹೆ ನೀಡಿದ್ದಿರಿ. ಹಾಗೆ ತೆಗೆದರೆ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ, ಸೋಂಕಿನ ಭಯವೂ ಇದೆ. ದಿಢೀರ್ ತೀವ್ರ ನೋವು ಬಂದರೆ ಮಾತ್ರ ಒಂದು ಗಂಟೆಯೂ ಕಾಯಬಾರದು. ವೃಷಣ ತಿರುಚಿಕೊಂಡಿದ್ದರೆ 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗಬೇಕು.

ಬಾವಿನ ಭಾರದಿಂದ ಬಲೆ ಎಳೆಯುವುದು ಅಪ್ಪನಿಗೆ ಕಷ್ಟವಾಗಿದೆ. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕಾಗಿ ಜೂನ್ 1ಕ್ಕೆ ಯಾಂತ್ರಿಕ ದೋಣಿಗಳು ದಡ ಸೇರುತ್ತವೆ. ಆ ವಾರವೇ ಶಸ್ತ್ರಚಿಕಿತ್ಸೆ.