ಅಲೆ ಕಮ್ಮಿ ಇರೋ ತಿಂಗಳಲ್ಲಿ ಬಾಡಿಸರ್ಫಿಂಗ್: ಮೈಸೂರಿಂದ ಹೊರಡೋ ಮುಂಚೆ ಏನು ನೋಡ್ಕೋಬೇಕು?

ಕುಕ್ಕರಹಳ್ಳಿ ಏರಿ:

ನಮಸ್ಕಾರ. ಮೈಸೂರಿನವರು ಮೂವರು, ಮಂಡ್ಯದವರೊಬ್ಬರು ಸೇರಿ ವಾರಾಂತ್ಯಕ್ಕೆ ಮಂಗಳೂರು ಕಡೆ ಹೋಗಿ ಬಾಡಿಸರ್ಫಿಂಗ್ ಮಾಡ್ತೀವಿ. ಬೋರ್ಡ್ ಇಲ್ಲ, ಮೈಯಿಂದಲೇ ಅಲೆ ಮೇಲೆ ಜಾರೋದು, ಕಾಲಿಗೆ ಫಿನ್ (ಈಜೋಕೆ ಹಾಕೋ ರೆಕ್ಕೆ) ಅಷ್ಟೇ. ಮೇ ತಿಂಗಳಲ್ಲಿ ಅಲೆ ತಾನಾಗೇ ಸಿಗುತ್ತೆ. ಮಳೆಗಾಲದಲ್ಲಿ ನೀರಿಗಿಳಿಯೋ ಮಾತೇ ಇಲ್ಲ. ತೊಂದರೆ ಇರೋದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ಸುಮಾರು 250 ಕಿ.ಮೀ. ಹೋಗಿ, ಸಂಪಾಜೆ ಘಾಟಿ ಇಳಿದು ನೋಡಿದರೆ ಮೊಣಕಾಲೆತ್ತರದ ಅಲೆ. ಅದೂ ದಂಡೆಯ ಬುಡದಲ್ಲಿ ಒಮ್ಮೆ ಬಡಿದು ಮುಗಿದುಹೋಗುತ್ತೆ.

ಈ ತಿಂಗಳುಗಳಲ್ಲಿ ಹೋಗೋದೇ ದಂಡವಾ, ಇಲ್ಲ ದಿನ ಆರಿಸ್ಕೊಂಡು ಹೋಗಬಹುದಾ? ಮೈಸೂರಲ್ಲಿ ಕೂತೇ ತಿಳ್ಕೊಳ್ಳೋದು ಹೇಗೆ? ಯಾವ ಬೀಚನ್ನು ಮೊದಲು ನೋಡಬೇಕು? ಸಣ್ಣ ಅಲೆಗೆ ಹ್ಯಾಂಡ್‌ಪ್ಲೇನ್ (ಕೈಗೆ ಹಾಕ್ಕೊಳ್ಳೋ ಹಲಗೆ) ಸಹಾಯ ಆಗುತ್ತೆ ಅಂತಾರೆ, ಅದನ್ನ ಇಲ್ಲೇ ಮಾಡಿಸಬಹುದಾ? ಇನ್ನೊಂದು, ಫಿನ್ ಅಭ್ಯಾಸಕ್ಕೆ ಕೆಆರ್‌ಎಸ್ ಹಿನ್ನೀರು ಆಗುತ್ತಾ?

ಅಳಿವೆ ಬಾಗಿಲು:

ದಿನ ಆರಿಸಿಕೊಂಡರೆ ಖಂಡಿತ ಹೋಗಬಹುದು. ಆದರೆ ಮುನ್ಸೂಚನೆಯಲ್ಲಿ ಅಲೆಯ ಎತ್ತರ ನೋಡೋದನ್ನು ಬಿಟ್ಟು, ಮೊದಲು ಸೆಕೆಂಡು ನೋಡೋದನ್ನು ರೂಢಿ ಮಾಡಿಕೊಳ್ಳಿ. ಒಂದು ಅಲೆಗೂ ಅದರ ಹಿಂದಿನ ಅಲೆಗೂ ನಡುವಿನ ಸಮಯ, ಅಂದರೆ ಪಿರಿಯಡ್.

ಚಳಿಗಾಲದಲ್ಲಿ ನಮ್ಮ ಕರಾವಳಿಗೆ ಎರಡು ಬಗೆಯ ಅಲೆ ಬರುತ್ತೆ. ಒಂದು ವಾಯವ್ಯದಿಂದ, ಅರಬ್ಬಿ ಸಮುದ್ರದ ಮೇಲಿನ ಗಾಳಿ ಎಬ್ಬಿಸಿದ್ದು, 5ರಿಂದ 8 ಸೆಕೆಂಡಿನದು. ಇನ್ನೊಂದು ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಗಳಿಂದ ಹೊರಟು ನೈಋತ್ಯದಿಂದ ಬರುವ ಉದ್ದಲೆ, 12ರಿಂದ 18 ಸೆಕೆಂಡಿನದು. ನಮಗೆ ಬೇಕಾದ್ದು ಎರಡನೆಯದು. ಆಳ ನೀರಿನಲ್ಲಿ ಎರಡೂ 60 ಸೆಂ.ಮೀ. ಅಂತಲೇ ಇಟ್ಟುಕೊಳ್ಳಿ. 6 ಸೆಕೆಂಡಿನದು ದಂಡೆಯ ಹತ್ತಿರ ಬಂದು ಒಡೆಯುವಾಗ ಲೆಕ್ಕದ ಪ್ರಕಾರ 80 ಸೆಂ.ಮೀ. ಆಸುಪಾಸು ಇರುತ್ತೆ. 14 ಸೆಕೆಂಡಿನದು ಒಂದು ಮೀಟರ್ ದಾಟುತ್ತೆ. ಉದ್ದಲೆಗೆ ತಳ ತಾಗುವುದು ಎಷ್ಟೋ ದೂರದಲ್ಲೇ, ಅಲ್ಲಿಂದಲೇ ಅದು ನಿಧಾನವಾಗಿ ಎದ್ದು ನಿಲ್ಲುತ್ತಾ ಬರುತ್ತೆ. ದಿಕ್ಕು ತಿರುಗುವಾಗ, ತಳಕ್ಕೆ ಉಜ್ಜುವಾಗ ಸ್ವಲ್ಪ ಕಳೆದುಹೋಗುತ್ತೆ ನಿಜ. ಆದರೂ ಹಿಡಿಯಲು ಸಿಗೋದು ಅದೇ.

ಇನ್ನೊಂದು ಅನುಕೂಲ ಇದೆ. 16 ಸೆಕೆಂಡಿನ ಉದ್ದಲೆ ದಿನಕ್ಕೆ ಸುಮಾರು 1,000 ಕಿ.ಮೀ. ಸಾಗುತ್ತೆ. ದಕ್ಷಿಣದ ಬಿರುಗಾಳಿಯ ಪಟ್ಟಿಯಿಂದ ಇಲ್ಲಿಗೆ ಆರೇಳು ದಿನದ ದಾರಿ. ಅಂದರೆ ಶನಿವಾರ ಸುರತ್ಕಲ್‌ಗೆ ಬರೋ ಅಲೆ ಸೋಮವಾರಕ್ಕೆಲ್ಲಾ ದಾರಿಯಲ್ಲಿರುತ್ತೆ. ಹೀಗಾಗಿ ಗಾಳಿಯಲೆಯ ಮುನ್ಸೂಚನೆಗಿಂತ ಉದ್ದಲೆಯದ್ದು ಹೆಚ್ಚು ನಂಬಬಹುದು. ಸೋಮವಾರ ಒಮ್ಮೆ, ಗುರುವಾರ ರಾತ್ರಿ ಒಮ್ಮೆ ನೋಡಿದರೆ ಸಾಕು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಸಾಗರ ಸ್ಥಿತಿ ಮುನ್ಸೂಚನೆಯಲ್ಲಿ ಒಟ್ಟು ಅಲೆ, ಉದ್ದಲೆ, ಗಾಳಿ ಬೇರೆ ಬೇರೆ ಸಿಗುತ್ತೆ. ಒಟ್ಟು ಎತ್ತರದ ಅಂಕಿ ನೋಡಿ ಹೊರಡಬೇಡಿ, ಅದರಲ್ಲಿ ಗಾಳಿಯಲೆಯೂ ಸೇರಿರುತ್ತೆ.

ನನ್ನ ಅಳತೆ ಹೀಗೆ: ಉದ್ದಲೆ 0.6 ಮೀಟರ್, 13 ಸೆಕೆಂಡು ಅಥವಾ ಮೇಲೆ ಇದ್ದರೆ ಹೊರಡಿ. 0.5 ಮೀಟರ್, 15 ಸೆಕೆಂಡು ಇದ್ದರೂ ಹೊರಡಬಹುದು. ಒಂದು ಮೀಟರ್ ತೋರಿಸಿ 7 ಸೆಕೆಂಡು ಇದ್ದರೆ ಮನೆಯಲ್ಲೇ ಇರಿ.

ಹೊತ್ತು ಮುಖ್ಯ. ಈ ತಿಂಗಳುಗಳಲ್ಲಿ ಬೆಳಗಿನ ಜಾವ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸುತ್ತೆ, ಅಲೆಯ ಮುಖ ನುಣುಪಾಗಿರುತ್ತೆ. ಹತ್ತು ಹನ್ನೊಂದು ಗಂಟೆಯಾದ ಮೇಲೆ ಕಡಲಗಾಳಿ ಎದ್ದು ಎಲ್ಲಾ ಕೆದರಿಹಾಕುತ್ತೆ. ಮಧ್ಯಾಹ್ನ ತಲುಪಿ "ಅಲೆಯೇ ಇಲ್ಲ" ಅನ್ನೋರಲ್ಲಿ ಬಹಳ ಜನ ಬೆಳಿಗ್ಗೆ ಬಂದಿದ್ದರೆ ಹಾಗನ್ನುತ್ತಿರಲಿಲ್ಲ.

ಎಚ್ಚರ ಒಂದೇ: ಇದೇ ಇನ್‌ಕಾಯಿಸ್ ಏಪ್ರಿಲ್–ಮೇ ಹೊತ್ತಿಗೆ ಕಳ್ಳಕ್ಕಡಲ್ ಎಚ್ಚರಿಕೆ ಕೊಡುತ್ತೆ. ಅದೂ ದಕ್ಷಿಣದ ಉದ್ದಲೆಯೇ, ಆದರೆ ಗಾಳಿಯಿಲ್ಲದ ಬಿಸಿಲಿನ ದಿನವೂ ನೀರು ದಂಡೆ ಏರಿ ಬರುವಷ್ಟು ಬಲದ್ದು. ಆ ಎಚ್ಚರಿಕೆ ಇದ್ದ ದಿನ ಸೆಕೆಂಡು ಚೆನ್ನಾಗಿದೆ ಅಂತ ಇಳಿಯಬಾರದು.

ಹಳೆಯಂಗಡಿ ತಿರುವು:

ಮೇಲಿನವರು ಹೇಳಿದ್ದು ಸರಿ. ನಾನು ಬೀಚಿನ ಮಾತು ಹೇಳ್ತೇನೆ.

ದಂಡೆಯ ಬುಡದಲ್ಲಿ ಬಡಿದು ಮುಗಿಯುತ್ತೆ ಅಂದಿರಲ್ಲ, ಅದಕ್ಕೆ ಕಾರಣ ಮರಳು. ಮಳೆಗಾಲದ ದೊಡ್ಡ ಅಲೆ ದಂಡೆಯ ಮರಳನ್ನು ಎಳೆದು ಹೊರಗೆ ದಿಬ್ಬವಾಗಿ ಹಾಕುತ್ತೆ. ಅಕ್ಟೋಬರ್ ನಂತರದ ಸಣ್ಣ ಅಲೆ ಅದೇ ಮರಳನ್ನು ತಳ್ಳಿಕೊಂಡು ಬಂದು ದಂಡೆಗೆ ಪೇರಿಸುತ್ತೆ. ಜನವರಿ ಹೊತ್ತಿಗೆ ದಂಡೆ ಕಡಿದಾಗಿರುತ್ತೆ, ಹೊರಗಿನ ದಿಬ್ಬ ಕರಗಿರುತ್ತೆ. ಉಬ್ಬರದಲ್ಲಿ ಅಲೆ ಒಡೆಯದೆ ನೇರ ಆ ಕಡಿದಾದ ಏರಿಗೇ ಬಂದು ಬೀಳುತ್ತೆ. ಇಳಿತದಲ್ಲಿ ನೀರು ಹಿಂದೆ ಸರಿದಾಗ ಕೆಳಗಿನ ಸಮತಟ್ಟು ಮರಳು ಸಿಗುತ್ತೆ, ಅಲೆ ಅಲ್ಲಿ ಒಡೆದು ಹತ್ತಿಪ್ಪತ್ತು ಮೀಟರ್ ಓಡುತ್ತೆ. ಹಾಗಾಗಿ ಚಳಿಗಾಲದಲ್ಲಿ ಇಳಿತದಿಂದ ಅರ್ಧ ಉಬ್ಬರದವರೆಗೆ ನೀರಲ್ಲಿರಿ.

ಇದಕ್ಕೆ ಪಂಚಾಂಗ ಸಾಕು. ಮಂಗಳೂರು ಕಡೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇಳಿತ ಬೆಳಿಗ್ಗೆ ಐದಾರು ಗಂಟೆಗೆ, ಉಬ್ಬರ ಮಧ್ಯಾಹ್ನದ ಹೊತ್ತಿಗೆ ಬರುತ್ತೆ. ನಿಖರ ಸಮಯಕ್ಕೆ ಉಬ್ಬರದ ಪಟ್ಟಿ ನೋಡಿ. ಬೆಳಕು ಹರಿದ ಮೇಲೆ ಏಳರಿಂದ ಒಂಬತ್ತೂವರೆವರೆಗೆ ಏರುತ್ತಿರೋ ನೀರು, ನೆಲಗಾಳಿ ಎರಡೂ ಒಟ್ಟಿಗೆ ಸಿಗುತ್ತೆ.

ನೋಡೋ ಕ್ರಮ: ಮೊದಲು ತಣ್ಣೀರುಬಾವಿ. ಇದು ಬಂದರಿನ ತಡೆಗೋಡೆಗೆ ದಕ್ಷಿಣಕ್ಕಿದೆ, ನೈಋತ್ಯದ ಉದ್ದಲೆಗೆ ತೆರೆದಿದೆ. ವಾಯವ್ಯದ ಕೆದರುಗಾಳಿಗೆ ಆ ಗೋಡೆ ಸ್ವಲ್ಪ ಮರೆಯಾಗುತ್ತೆ. ಪಣಂಬೂರು ಅದರ ಉಲ್ಟಾ: ಗೋಡೆಯ ಉತ್ತರದ ಬುಡದಲ್ಲಿದೆ, ಅಲ್ಲಿ ಉದ್ದಲೆ ಸೊರಗುತ್ತೆ. ಪಣಂಬೂರಲ್ಲಿ ನೀರು ಮಲಗಿದ್ದರೆ "ಇವತ್ತು ಇಲ್ಲ" ಅಂತ ತೀರ್ಮಾನಿಸಬೇಡಿ, ಉತ್ತರಕ್ಕೆ ಚಿತ್ರಾಪುರದ ಕಡೆ ನಡೆಯಿರಿ, ಮರೆ ಬಿಟ್ಟಂತೆಲ್ಲಾ ಅಲೆ ಬೆಳೆಯುತ್ತೆ. ಸುರತ್ಕಲ್‌ನಲ್ಲಿ ದೀಪಸ್ತಂಭದ ಬುಡದ ಬಂಡೆ ಬಿಟ್ಟು ದೂರ ಇಳಿಯಿರಿ.

ಕೊನೆಗೆ ಸಸಿಹಿತ್ಲು. ಹೆದ್ದಾರಿಯಲ್ಲಿ ಹಳೆಯಂಗಡಿಯಿಂದ ಒಳಗೆ ತಿರುಗಬೇಕು. ನಂದಿನಿ, ಶಾಂಭವಿ ನದಿಗಳು ಸೇರಿ ಸಮುದ್ರಕ್ಕೆ ಬೀಳೋ ಜಾಗ ಅದು. ನದಿ ತಂದ ಮರಳಿನಿಂದ ಹೊರಗೆ ದಿಬ್ಬ ಉಳಿದಿರುತ್ತೆ, ಅದಕ್ಕೇ ಬೇರೆಲ್ಲೂ ಇಲ್ಲದ ದಿನ ಇಲ್ಲಿ ಅಲೆ ಒಡೆಯುತ್ತೆ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಪಂದ್ಯ ಇಲ್ಲೇ ನಡೆದದ್ದು. ಆದರೆ ಅದು ಮೇ ಕೊನೆಯ ಸಮುದ್ರ, ಜನವರಿಯಲ್ಲಿ ಅದನ್ನು ನಿರೀಕ್ಷಿಸಬೇಡಿ. ನೀರು ಇಳಿಯುತ್ತಿರುವಾಗ ಅಳಿವೆ ಬಾಗಿಲಿನ ಹತ್ತಿರ ಹೋಗಲೇಬೇಡಿ. ನದಿಯ ನೀರು, ಇಳಿತದ ನೀರು ಎರಡೂ ಸೇರಿ ಹೊರಗೆ ಎಳೆಯುತ್ತೆ, ಫಿನ್ ಹಾಕಿದವರೂ ಎದುರು ಈಜಲಾರರು. ಬಾಗಿಲಿನಿಂದ ಅರ್ಧ ಕಿಲೋಮೀಟರ್ ದೂರವಿರಿ.

ಸೋಮೇಶ್ವರ ಪಟ್ಟಿಯಲ್ಲೇ ಬೇಡ. ಬಂಡೆ, ಕಡಿದಾದ ದಂಡೆ, ಸೆಳೆತ ಮೂರೂ ಇದೆ.

ಬಂದು ಎರಡು ನಿಮಿಷ ನೋಡಿ ಗಾಡಿ ತಿರುಗಿಸೋದು ದೊಡ್ಡ ತಪ್ಪು. ಉದ್ದಲೆ ಗುಂಪು ಗುಂಪಾಗಿ ಬರುತ್ತೆ: ನಾಲ್ಕೈದು ಅಲೆ, ಆಮೇಲೆ ಹತ್ತು ಹದಿನೈದು ನಿಮಿಷ ಏನೂ ಇಲ್ಲ. ಕನಿಷ್ಠ 20 ನಿಮಿಷ ನಿಲ್ಲಿ. ನೊರೆ ಎಲ್ಲಿ ಶುರುವಾಗಿ ಎಲ್ಲಿ ಆರುತ್ತೆ ಗುರುತಿಟ್ಟುಕೊಳ್ಳಿ. ಎರಡೂ ಕಡೆ ನೊರೆ ಇದ್ದು ನಡುವೆ ಒಂದು ಓಣಿಯಷ್ಟು ನೀರು ಕಪ್ಪಗೆ ಸುಮ್ಮನಿದ್ದರೆ ಅದು ಸೆಳೆತದ ಜಾಗ. ಸುಲಭವಾಗಿ ಒಳಹೋಗಬಹುದು ಅನ್ನಿಸೋದು ಅಲ್ಲೇ, ಇಳಿಯಬಾರದ್ದೂ ಅಲ್ಲೇ.

ಬೆಳಿಗ್ಗೆ ಮೀನುಗಾರರು ಕೈರಂಪಣಿ (ದಂಡೆಯಲ್ಲಿ ನಿಂತು ಎಳೆಯೋ) ಬಲೆ ಬಿಟ್ಟಿದ್ದರೆ, ಬಲೆ ಎಳೆದು ಮುಗಿಯೋವರೆಗೆ ಆ ಭಾಗಕ್ಕೆ ಕಾಲಿಡಬೇಡಿ. ಅವರ ದುಡಿಮೆ ಅದು, ಮತ್ತೆ ಹಗ್ಗಕ್ಕೆ ಫಿನ್ ಸಿಕ್ಕಿಕೊಂಡರೆ ಬಿಡಿಸಿಕೊಳ್ಳೋದು ಕಷ್ಟ.

ಮಂಡ್ಯ ಮರಗೆಲಸ:

ಹ್ಯಾಂಡ್‌ಪ್ಲೇನ್ ಮೈಸೂರಲ್ಲೇ ಮಾಡ್ಕಬೋದು ಕಣಣ್ಣ, ದುಡ್ಡು ಕೊಟ್ಟು ತರಿಸೋದೇ ಬ್ಯಾಡ. ಕೈಗೆ ಕಟ್ಟೋ ಪುಟ್ಟ ಹಲಗೆ, ಎದೆಯನ್ನ ನೀರಿಂದ ಮ್ಯಾಲಕ್ಕೆ ಎತ್ತುತ್ತೆ, ನೀರಿನ ಎಳೆತ ಕಮ್ಮಿಯಾಯ್ತದೆ. ಸೊಂಟದೆತ್ತರದ ಅಲೆಗೆ ಅದು ದೊಡ್ಡ ಸಹಾಯ.

ಪ್ಲೈವುಡ್ ತಗೊಳ್ಳೋವಾಗ ಐಎಸ್ 710 ಅಂತ ಮುದ್ರೆ ನೋಡಿ ತಗೊಳಿ, ಅದು ಮೆರೈನ್ ಪ್ಲೈ. ಐಎಸ್ 303 ಕೊಟ್ರೆ ಬ್ಯಾಡ ಅನ್ನಿ, ಉಪ್ಪುನೀರಿಗೆ ಪದರ ಬಿಟ್ಕತದೆ. 12 ಎಂಎಂ ಒಂದೇ ಹಲಗೆ ತಗೊಂಡ್ರೆ ಮುಂಭಾಗ ಬಗ್ಗಲ್ಲ. 4 ಎಂಎಂ ಮೂರು ಹಲಗೆ, 38 ಸೆಂ.ಮೀ. ಉದ್ದ 22 ಅಗಲ ಕುಯ್ಸಿ. ಮರದ ದಿಮ್ಮಿ ಮೇಲೆ ಮುಂದಿನ 12 ಸೆಂ.ಮೀ. ಭಾಗ 15 ಎಂಎಂ ಮೇಲಕ್ಕೆ ಏಳೋ ಹಂಗೆ ಇಳಿಜಾರು ಮಾಡ್ಕಂಡು, ಮೂರನ್ನೂ ಎಪಾಕ್ಸಿ ಅಂಟು ಹಚ್ಚಿ ಜೋಡ್ಸಿ, ಆರೇಳು ಕ್ಲಾಂಪ್ ಬಿಗಿದು 24 ಗಂಟೆ ಬಿಡಿ. ಹೊರಗಿನ ಹಲಗೆಯ ನಾರು ಅಗಲಕ್ಕೆ ಬರ್ಬೇಕು, ಉದ್ದಕ್ಕೆ ಇದ್ರೆ ಬಗ್ಗೋವಾಗ ಸೀಳತದೆ. ಒಣಗಿದ ಮ್ಯಾಲೆ 35ಕ್ಕೆ 19ರ ಮೊಟ್ಟೆಯಾಕಾರ ಕುಯ್ಕಳಿ. ಮುಂದಿನ ಅಂಚು ಗುಂಡಗೆ, ಹಿಂದಿನ ಅಂಚು ಕೆಳಮುಖಕ್ಕೆ ಚೂಪಾಗಿರ್ಲಿ, ಅದೇ ಅಲೆಯ ಮುಖಕ್ಕೆ ಕಚ್ಕಳೋದು.

ಕೈ ತೂರ್ಸೋ ಪಟ್ಟಿಗೆ ಸ್ಕೂಟರ್ ಟ್ಯೂಬು 5 ಸೆಂ.ಮೀ. ಅಗಲ, ಎರಡು ಮಡಿಕೆ. ಅಂಗೈ ನಡುಭಾಗ ಹಲಗೆಯ ನಡುವಿಗಿಂತ ಒಂದು ಬೆರಳು ಹಿಂದೆ ಬರ್ಬೇಕು. ಮುಂದಾದ್ರೆ ಮೂತಿ ನೀರಿಗೆ ಚುಚ್ಕತದೆ, ಜಾಸ್ತಿ ಹಿಂದಾದ್ರೆ ಬಾಲ ಎಳೀತದೆ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿಂದೇ ಆಗ್ಲಿ, 10 ಎಂಎಂ ಮೀರದೇ ಇರ್ಲಿ. ಕೆಳಗೆ ತುದಿ ಹೊರಬಂದ್ರೆ ಪಕ್ಕದಲ್ಲಿದ್ದೋರ ಮೈ ಗೀರತದೆ.

ಕೆಡೋದು ಯಾವಾಗ್ಲೂ ಅಂಚಿಂದ, ಸ್ಕ್ರೂ ತೂತಿಂದ. ತೂತಿನೊಳಕ್ಕೆ ಎಪಾಕ್ಸಿ ಬಿಟ್ಟು ಆಮೇಲೆ ಸ್ಕ್ರೂ ಹಾಕಿ. ಅಂಚಿಗೆ ಮೂರು ಸಲ ಹಚ್ಚಿ, ಒಂದೊಂದು ಸಲಕ್ಕೂ ನಡುವೆ 220 ನಂಬರ್ ಉಪ್ಪುಕಾಗದ ಉಜ್ಜಿ.

ಇನ್ನ ಕೆಆರ್‌ಎಸ್ ಹಿನ್ನೀರು, ಬಲಮುರಿ, ಎಡಮುರಿ, ವಿ.ಸಿ. ನಾಲೆ ಯಾವುದ್ಕೂ ಇಳೀಬ್ಯಾಡಿ, ಕೈ ಮುಗ್ದು ಹೇಳ್ತೀನಿ. ನಾಲೆಗೆ ಇಳಿಜಾರು ಸಿಮೆಂಟು, ಪಾಚಿ ಕಟ್ಟಿರ್ತದೆ, ಫಿನ್ ಹಾಕಂಡು ಹತ್ತಕ್ಕಾಗಲ್ಲ. ಬಲಮುರಿಯಲ್ಲಿ ಕಟ್ಟೆ ದಾಟಿ ಬೀಳೋ ನೀರು ಅಲ್ಲಲ್ಲೇ ಸುತ್ತಿ ಕೆಳಕ್ಕೆಳೀತದೆ. ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳಕ್ಕೆ ಹೋಗಿ, ಫಿನ್ ಬಿಡ್ತಾರಾ ಅಂತ ಮೊದಲು ಕೇಳ್ಕಳಿ.

ಕುಕ್ಕರಹಳ್ಳಿ ಏರಿ:

ತುಂಬಾ ಉಪಕಾರ. ಕೊಳದಲ್ಲಿ ಏನು ಅಭ್ಯಾಸ ಮಾಡಬೇಕು? ಸಣ್ಣ ಅಲೆ ಬಂದಾಗ ಎಷ್ಟೇ ಕೈ ಬೀಸಿದರೂ ಅದು ನಮ್ಮನ್ನ ಬಿಟ್ಟು ಮುಂದೆ ಹೋಗುತ್ತೆ, ಯಾಕೆ?

ಅಳಿವೆ ಬಾಗಿಲು:

ವೇಗದ ಅಂತರ ಅಷ್ಟೇ. ಒಂದು ಮೀಟರ್ ಆಳದ ನೀರಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 3 ಮೀಟರ್ ಹೋಗುತ್ತೆ. ಒಳ್ಳೆಯ ಈಜುಗಾರರು ಜೋರಾಗಿ ಈಜಿದರೂ ಒಂದೂವರೆ ಮೀಟರ್. ಉಳಿದದ್ದನ್ನು ಫಿನ್, ಕಾಲಿನ ತಳ್ಳು, ಅಲೆಯ ಇಳಿಜಾರು ಮೂರೂ ಸೇರಿ ತುಂಬಿಸಬೇಕು. 80 ಸೆಂ.ಮೀ. ಅಲೆ ಒಡೆಯುವುದು ಹೆಚ್ಚುಕಡಿಮೆ ಒಂದು ಮೀಟರ್ ಆಳದಲ್ಲಿ. ಅಂದರೆ ನೀವು ಸೊಂಟದಷ್ಟು ನೀರಿನಲ್ಲಿ ನಿಂತಿರಬಹುದು, ತಳವನ್ನೇ ಒದ್ದು ಹೊರಡಬಹುದು. ಸಣ್ಣ ಅಲೆಯ ದೊಡ್ಡ ಅನುಕೂಲ ಇದು.

ಅಲೆ ಸೊಂಟ ಎತ್ತುವ ಕ್ಷಣ ಒದೆಯಿರಿ, ಅದಕ್ಕೆ ಮೊದಲಲ್ಲ. ಐದಾರು ಬಲವಾದ ಫಿನ್ ಒದೆತ, ಒಂದು ಕೈ ಮುಂದೆ ಚಾಚಿ, ಹೊಟ್ಟೆ ಬಿಗಿ, ಮೈ ಹಲಗೆಯಂತೆ ನೇರ. ಬಹಳ ಜನ ಎರಡೂ ಕೈ ಬೀಸುತ್ತಾ ಮೊಣಕಾಲು ಮಡಿಸುತ್ತಾರೆ. ಮಡಿಸಿದ ಮೊಣಕಾಲು ನೀರನ್ನು ತಡೆಯುತ್ತೆ, ಅಲೆ ದಾಟಿಹೋಗುತ್ತೆ. ಕೊಳದಲ್ಲಿ ಇದನ್ನೇ ಮಾಡಿ: ಗೋಡೆ ಒದೆಯದೆ ನಿಂತಲ್ಲಿಂದ 10 ಮೀಟರ್ ಜೋರು ಒದೆತ, ಒಂದೇ ಕೈ ಮುಂದೆ, ಅರ್ಧ ನಿಮಿಷ ಸುಧಾರಿಸಿಕೊಂಡು ಮತ್ತೆ. ಉದ್ದ ಈಜುವುದಕ್ಕಿಂತ ಇದೇ ಉಪಯೋಗಕ್ಕೆ ಬರೋದು. ಫಿನ್ ಗಿಡ್ಡ, ಗಟ್ಟಿ ಇರಲಿ. ಡೈವಿಂಗ್‌ನ ಉದ್ದ ಫಿನ್ ಸೊಂಟದಾಳದಲ್ಲಿ ತಳಕ್ಕೆ ತಾಗುತ್ತೆ.

ದಯವಿಟ್ಟು ಇದನ್ನು ಮರೆಯಬೇಡಿ: ಸಣ್ಣ ಅಲೆಯಲ್ಲೇ ಕುತ್ತಿಗೆಗೆ ಪೆಟ್ಟಾಗುವ ಭಯ ಹೆಚ್ಚು, ನೀರಿನ ಆಳ ಕಡಿಮೆ ಇರುತ್ತೆ. ಮುಂದಿನ ಕೈ ಯಾವತ್ತೂ ತಲೆಯ ಮುಂದೆ ಇರಲಿ. ಮೊಣಕಾಲಿನಷ್ಟು ನೀರಿನಲ್ಲಿ ಒಡೆಯೋ ಅಲೆಯನ್ನು ಹಿಡಿಯಬೇಡಿ. ದಂಡೆ ಹತ್ತಿರವಾದ ಕೂಡಲೇ ಭುಜ ತಿರುಗಿಸಿ ಅಲೆಯ ಹಿಂಬದಿಗೆ ಹೊರಬನ್ನಿ, ಮರಳಿನವರೆಗೆ ಸವಾರಿ ಬೇಡ.

ವಿರಾಜಪೇಟೆ ದಾರಿ:

ಮೈಸೂರಿನವರಿಗೆ ಕಣ್ಣೂರು ಹತ್ತಿರ. ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟ ಮೂಲಕ ಹೋದರೆ ಮಂಗಳೂರಿಗಿಂತ 80 ಕಿ.ಮೀ. ಆಸುಪಾಸು ಕಡಿಮೆ. ಅಲ್ಲಿ ಮುಳಪ್ಪಿಲಂಗಾಡಿನ ದಂಡೆ ಕಾರು ಓಡಿಸುವಷ್ಟು ಗಟ್ಟಿ, ಸಮತಟ್ಟು. ಕಡಿದಾದ ಏರಿ ಇಲ್ಲದ್ದರಿಂದ ಉಬ್ಬರದಲ್ಲೂ ಅಲೆ ದೂರದಲ್ಲೇ ಒಡೆದು ಮೆಲ್ಲಗೆ ಉರುಳಿ ಬರುತ್ತೆ. ಕಲಿಯುವವರಿಗೆ ಒಳ್ಳೆಯದು. ನೀರಿಂದ ಎದ್ದು ಬರುವಾಗ ವಾಹನ ನೋಡಿಕೊಳ್ಳಿ.

ಕುಕ್ಕರಹಳ್ಳಿ ಏರಿ:

ಕೊನೆಯ ಪ್ರಶ್ನೆ. ನಮಗೆ ಸಿಗೋ ಶನಿವಾರ ಅಷ್ಟಮಿ ಹತ್ತಿರ ಬಂದರೆ?

ಹಳೆಯಂಗಡಿ ತಿರುವು:

ಉಬ್ಬರ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತೆ. ಅಷ್ಟಮಿ ಹೊತ್ತಿಗೆ ಬೆಳಗಿನ ಜಾವ ಉಬ್ಬರ, ಇಳಿತ ಮಧ್ಯಾಹ್ನಕ್ಕೆ. ಆದರೆ ಆ ದಿನಗಳಲ್ಲಿ ನೀರು ಏರಿಳಿಯೋದೇ ಕಡಿಮೆ, ಹಾಗಾಗಿ ಉಬ್ಬರದ ತೊಂದರೆಯೂ ಅಷ್ಟಿಲ್ಲ. ಏಳಕ್ಕೆ ಇಳಿಯೋ ಬದಲು ಎಂಟೂವರೆಗೆ ಇಳಿದು, ಗಾಳಿ ತಿರುಗೋವರೆಗೆ ಆಡಿ. ಸೆಕೆಂಡು 14ರ ಮೇಲಿದ್ದರೆ ಸಸಿಹಿತ್ಲುವಿಗೇ ನೇರ ಹೋಗಿ, ಹೊರಗಿನ ದಿಬ್ಬದ ಮೇಲೆ ಒಡೆಯುತ್ತಿದೆಯಾ ನೋಡಿ. ಆದರೆ ಆಗ ನೀರು ಇಳಿಮುಖ, ಅರ್ಧ ಕಿಲೋಮೀಟರಿನ ಮಾತು ನೆನಪಿರಲಿ. ಸೆಕೆಂಡು 12ರ ಕೆಳಗಿದ್ದರೆ ಆ ವಾರ ಈಜುಕೊಳವೇ ಸರಿ, ಮುಂದಿನ ಶನಿವಾರ ಅಮಾವಾಸ್ಯೆಯೋ ಹುಣ್ಣಿಮೆಯೋ ಹತ್ತಿರ ಬಂದಿರುತ್ತೆ.